ಲಿಮಾದಲ್ಲಿ ಕಡಿಮೆ ಖರ್ಚಿನ ಊಟ, ಓಡಾಟ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪೆರುವಿನ ರಾಜಧಾನಿ ಲಿಮಾಕ್ಕೆ ಹೋಗಿಬಂದವರ ಖರ್ಚಿನ ಲೆಕ್ಕ ನೋಡಿದರೆ ದುಡ್ಡು ಸೋರಿದ ಜಾಗಗಳು ಹೆಚ್ಚುಕಡಿಮೆ ಒಂದೇ. ಮಧ್ಯಾಹ್ನ ಬಿಸ್ಕತ್ತು ತಿಂದು ಸುತ್ತಾಡಿ, ರಾತ್ರಿ ಎಂಟಕ್ಕೆ ಹಸಿದುಕೊಂಡು ಪ್ರವಾಸಿಗರ ಬಡಾವಣೆಯಾದ ಮಿರಾಫ್ಲೋರೆಸ್‌ನ ದುಬಾರಿ ಹೋಟೆಲಿಗೆ ನುಗ್ಗಿರುತ್ತಾರೆ. ಸಂಜೆ ಆರರ ದಟ್ಟಣೆಯಲ್ಲಿ ಟ್ಯಾಕ್ಸಿ ಹತ್ತಿರುತ್ತಾರೆ. ನೂರರ ನೋಟು ಮುರಿಸಲು ಬೇಡದ ವಸ್ತು ಕೊಂಡಿರುತ್ತಾರೆ. ಈ ಊರಲ್ಲಿ ಅಗ್ಗದ ಊಟಕ್ಕೊಂದು ಹೊತ್ತಿದೆ, ಅಗ್ಗದ ಓಡಾಟಕ್ಕೊಂದು ಹೊತ್ತಿದೆ. ದಿನವನ್ನು ಅದಕ್ಕೆ ಹೊಂದಿಸಿಕೊಳ್ಳದೆ ಎಷ್ಟು ಚೌಕಾಸಿ ಮಾಡಿದರೂ ಉಳಿತಾಯವಾಗುವುದಿಲ್ಲ. ಕೆಳಗಿನ ಹಂತಗಳಲ್ಲಿ ಮೊದಲಿನದನ್ನು ಬಿಟ್ಟರೆ ಮುಂದಿನದು ಕೈಕೊಡುತ್ತದೆ, ಆದ್ದರಿಂದ ಕ್ರಮ ತಪ್ಪಿಸಬೇಡಿ.

ಇಲ್ಲಿನ ಬೆಲೆಗಳು 2025ರ ಆಸುಪಾಸಿನ ಅಂದಾಜು. ಪೆರುವಿನ ಹಣದ ಹೆಸರು ಸೋಲ್, ಒಂದು ಸೋಲ್ ಎಂದರೆ ಸುಮಾರು 25 ರೂಪಾಯಿ.

ಹಂತ 1: ಹೊರಡುವ ಮುನ್ನ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪೆರುವಿನ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಶೆಂಗೆನ್ ದೇಶಗಳ ವೀಸಾ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವಂತೆ ನಿಮ್ಮಲ್ಲಿದ್ದರೆ, ಅಥವಾ ಆ ದೇಶಗಳಲ್ಲಿ ಶಾಶ್ವತ ವಾಸದ ಪರವಾನಗಿ ಇದ್ದರೆ, ಪ್ರವಾಸಕ್ಕೆ ಬೇರೆ ವೀಸಾ ಬೇಕಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಎಷ್ಟೋ ಜನ ಇದು ಗೊತ್ತಿಲ್ಲದೆ ಅರ್ಜಿ ಹಾಕಲು ಓಡಾಡುತ್ತಾರೆ.

ಇನ್ನೊಂದು ಕಾಗದವನ್ನು ಬಹಳಷ್ಟು ಮಂದಿ ಮರೆಯುತ್ತಾರೆ: ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಲಿಮಾ ನಗರದಲ್ಲಿ ಆ ರೋಗದ ಭಯವಿಲ್ಲದಿದ್ದರೂ ಪೆರು ದೇಶ ಭಾರತದ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಈ ಪತ್ರ ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕ ವಾಸಕ್ಕೆ ಕಳಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಪತ್ರಕ್ಕೆ ಮಾನ್ಯತೆ. ಹಾಗಾಗಿ ಮಾನ್ಯತೆ ಪಡೆದ ಲಸಿಕಾ ಕೇಂದ್ರಕ್ಕೆ ಒಂದು ತಿಂಗಳು ಮೊದಲೇ ಹೋಗಿ.

ಕೈಗೆ ಬೇಕಾದದ್ದು ಇಷ್ಟು: ಅಂತರರಾಷ್ಟ್ರೀಯ ಬಳಕೆಗೆ ಚಾಲೂ ಮಾಡಿಸಿದ ಎರಡು ಬೇರೆ ಬೇರೆ ಬ್ಯಾಂಕ್ ಕಾರ್ಡು, ಸ್ವಲ್ಪ ಅಮೆರಿಕನ್ ಡಾಲರ್, ಚಿಲ್ಲರೆ ಹಾಕಲು ಜಿಪ್ ಇರುವ ಪುಟ್ಟ ಪರ್ಸು, ಮುಚ್ಚಳ ಬಿಗಿಯಾಗುವ ಒಂದು ಲೀಟರ್ ನೀರಿನ ಬಾಟಲಿ, ಫೋನಿನಲ್ಲಿ ಇಳಿಸಿಕೊಂಡ ಲಿಮಾ ನಕ್ಷೆ ಮತ್ತು ಸ್ಪ್ಯಾನಿಷ್ ಅನುವಾದದ ಆ್ಯಪ್. ಡಾಲರ್ ನೋಟು ಗರಿಗರಿಯಾಗಿರಲಿ. ಅಂಚು ಹರಿದದ್ದು, ಪೆನ್ನಿನ ಗೀರು ಬಿದ್ದದ್ದು ಅಲ್ಲಿ ಯಾರೂ ಮುಟ್ಟುವುದಿಲ್ಲ. ರೂಪಾಯಿ ಬದಲಿಸಿಕೊಡುವವರು ಸಿಗುವುದಿಲ್ಲ.

ಹಂತ 2: ತಂಗುವ ಜಾಗ ಆರಿಸುವುದು

ಉಳಿತಾಯದ ಅರ್ಧ ಭಾಗ ಇಲ್ಲೇ ತೀರ್ಮಾನವಾಗುತ್ತದೆ. ಲಿಮಾದ ಬೆನ್ನೆಲುಬು ಎಂದರೆ ಮೆಟ್ರೊಪೊಲಿತಾನೊ. ಪ್ರತ್ಯೇಕ ಪಥದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಓಡುವ ಉದ್ದನೆಯ ಬಸ್ಸುಗಳು ಇವು, 2010ರಿಂದ ಚಾಲ್ತಿಯಲ್ಲಿವೆ. ಹಳೆಯ ನಗರ, ಲಿನ್ಸೆ, ಸಾನ್ ಇಸಿದ್ರೊ, ಸುರ್ಕಿಯೊ, ಮಿರಾಫ್ಲೋರೆಸ್, ಬಾರ್ರಾಂಕೊ ಎಲ್ಲವನ್ನೂ ಈ ಒಂದೇ ಸಾಲು ಪೋಣಿಸುತ್ತದೆ. ತಂಗುವ ಜಾಗದಿಂದ ಇದರ ನಿಲ್ದಾಣಕ್ಕೆ ನಡಿಗೆ ಹತ್ತು ನಿಮಿಷ ಮೀರಬಾರದು.

ನಕ್ಷೆಯಲ್ಲಿ ಆಂಗಾಮೋಸ್, ರಿಕಾರ್ದೊ ಪಾಲ್ಮಾ, ಬೆನಾವಿದೆಸ್ (ಮಿರಾಫ್ಲೋರೆಸ್‌ಗೆ), ಬಾಲ್ತಾ, ಬುಲೆವಾರ್ (ಬಾರ್ರಾಂಕೊಗೆ) ನಿಲ್ದಾಣಗಳನ್ನು ಗುರುತು ಹಾಕಿಕೊಂಡು ಅವುಗಳ ಸುತ್ತ ಹುಡುಕಿ. ಸಮುದ್ರದ ಬಂಡೆಯಂಚಿನ ರಸ್ತೆಗಳು ಚಂದ, ಆದರೆ ಅಲ್ಲಿಂದ ನಿಲ್ದಾಣ ದೂರ, ಊಟ ದುಬಾರಿ. ರಿಕಾರ್ದೊ ಪಾಲ್ಮಾ ನಿಲ್ದಾಣದ ಅಕ್ಕಪಕ್ಕ ನಮ್ಮ ಮೊದಲ ಆಯ್ಕೆ. ಒಂದು ಬದಿಗೆ ಮಿರಾಫ್ಲೋರೆಸ್, ಎಕ್ಸ್‌ಪ್ರೆಸ್ ಹೆದ್ದಾರಿ ದಾಟಿದರೆ ಸುರ್ಕಿಯೊ ಮಾರುಕಟ್ಟೆ.

ಹಾಸ್ಟೆಲಿನಲ್ಲಿ ಒಂದು ಹಾಸಿಗೆಗೆ ಸುಮಾರು 40ರಿಂದ 60 ಸೋಲ್. ಅಡುಗೆಮನೆ ಇದೆಯೇ ಎಂದು ಕೇಳಿಯೇ ಬುಕ್ ಮಾಡಿ. ಹೋಟೆಲ್ ಕೋಣೆಯಾದರೆ ಒಂದು ವಿಷಯ ನೆನಪಿರಲಿ: 60 ದಿನಕ್ಕಿಂತ ಕಡಿಮೆ ಇರುವ ವಿದೇಶಿ ಪ್ರವಾಸಿಗಳಿಗೆ ತಂಗುವಿಕೆಯ ಮೇಲಿನ ಶೇ. 18 ತೆರಿಗೆಯಿಂದ ವಿನಾಯಿತಿ ಇದೆ. ಪಾಸ್‌ಪೋರ್ಟ್ ಮತ್ತು ದೇಶ ಪ್ರವೇಶಿಸಿದ ದಾಖಲೆ ತೋರಿಸಬೇಕು. ಬಿಲ್ ಬರೆದ ಮೇಲೆ ತೋರಿಸಿದರೆ ಜಗಳಕ್ಕೆ ದಾರಿ. ಒಳಗೆ ಕಾಲಿಟ್ಟ ಕೂಡಲೇ ತೋರಿಸಿ.

ಹಂತ 3: ವಿಮಾನ ನಿಲ್ದಾಣದಿಂದ ಊರಿಗೆ

ಹೋರ್ಹೆ ಚಾವೆಸ್ ವಿಮಾನ ನಿಲ್ದಾಣ ಇರುವುದು ಪಕ್ಕದ ಕಯಾವೊದಲ್ಲಿ. 2025ರ ಜೂನ್‌ನಿಂದ ಹೊಸ ಟರ್ಮಿನಲ್ ನಡೆಯುತ್ತಿದೆ, ಹಾಗಾಗಿ ಹಳೆಯ ಪ್ರವಾಸ ಕೈಪಿಡಿಗಳ ದಾರಿ ವಿವರ ಈಗ ಕೆಲಸಕ್ಕೆ ಬಾರದು. "ಹೊರಗಿನ ರಸ್ತೆಗೆ ನಡೆದು ಹೋಗಿ ಬಸ್ಸು ಹಿಡಿಯಿರಿ" ಎಂಬ ಸಲಹೆಯನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಲಗೇಜು ಹಿಡಿದು ಕಯಾವೊದ ಬೀದಿಯಲ್ಲಿ ನಿಲ್ಲುವುದು ಅಪಾಯ.

ಹಗಲಲ್ಲಿ ಇಳಿದರೆ ಏರೋದಿರೆಕ್ತೊ ಎಂಬ ಬಸ್ಸಿನ ಫಲಕ ನೋಡಿಕೊಂಡು ಹೋಗಿ. ಕೆಲವೇ ಸೋಲ್‌ಗಳಲ್ಲಿ ಊರು ಸೇರುತ್ತೀರಿ. ನಿಮ್ಮ ನಿಲ್ದಾಣಕ್ಕೆ ಯಾವ ಮಾರ್ಗ ಎಂದು ಹತ್ತುವ ಮೊದಲೇ ಕೇಳಿ, ಒಂದೊಂದು ಮಾರ್ಗ ಒಂದೊಂದು ದಿಕ್ಕಿಗೆ. ರಾತ್ರಿ ಇಳಿದರೆ ಉಳಿತಾಯದ ಯೋಚನೆ ಬಿಟ್ಟು ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಯಿರಿ. ಮಿರಾಫ್ಲೋರೆಸ್‌ಗೆ ಸುಮಾರು 50ರಿಂದ 80 ಸೋಲ್ ಆಗುತ್ತದೆ, ದಟ್ಟಣೆಗೆ ತಕ್ಕಂತೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ.

ಆಗಮನದ ಬಾಗಿಲಲ್ಲಿ "ಟ್ಯಾಕ್ಸಿ, ಅಮೀಗೊ" ಎಂದು ಹತ್ತಿರ ಬರುವವರಿಗೆ ಬೇಡವೆಂದು ತಲೆಯಾಡಿಸಿ ಮುಂದೆ ನಡೆಯಿರಿ. ಆ್ಯಪ್‌ನಲ್ಲಿ ಬಂದ ಚಾಲಕ "ಟ್ರಿಪ್ ಕ್ಯಾನ್ಸಲ್ ಮಾಡಿ, ಕೈಗೆ ದುಡ್ಡು ಕೊಡಿ" ಎಂದರೆ, ಅಥವಾ ನಂಬರ್ ಪ್ಲೇಟ್ ತಾಳೆಯಾಗದಿದ್ದರೆ, ಹತ್ತಲೇಬೇಡಿ.

ಹಂತ 4: ದುಡ್ಡು ಮುರಿಸುವುದು

ಲಿಮಾದ ಸಣ್ಣ ಅಂಗಡಿಗಳಲ್ಲಿ, ತಳ್ಳುಗಾಡಿಗಳಲ್ಲಿ ನಮ್ಮ ಯುಪಿಐ ಹಾಗೆಯೇ ಯಾಪೆ, ಪ್ಲಿನ್ ಎಂಬ ಫೋನ್ ಪಾವತಿ ಇದೆ. ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆಯ ನಂಟು ಬೇಕಾಗುವುದರಿಂದ ಪ್ರವಾಸಿಯ ಆಧಾರ ನಾಣ್ಯವೇ. ಚಿಲ್ಲರೆಗೆ ಅಲ್ಲಿ "ಸೆನ್ಸಿಯೊ" ಎನ್ನುತ್ತಾರೆ. ದಿನಕ್ಕೆ ಹತ್ತು ಬಾರಿ ಈ ಪದ ಕಿವಿಗೆ ಬೀಳುತ್ತದೆ.

ಎಟಿಎಂಗಳಲ್ಲಿ ಹೆಚ್ಚಿನವು ವಿದೇಶಿ ಕಾರ್ಡಿಗೆ ಪ್ರತಿ ಬಾರಿಯೂ ನಿಗದಿತ ಶುಲ್ಕ ಹಾಕುತ್ತವೆ. ಐವತ್ತು ತೆಗೆದರೂ ಅಷ್ಟೇ, ನಾನೂರು ತೆಗೆದರೂ ಅಷ್ಟೇ. ಆದ್ದರಿಂದ ಪದೇಪದೇ ಸ್ವಲ್ಪಸ್ವಲ್ಪ ತೆಗೆಯಬೇಡಿ. "ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ?" ಎಂದು ಪರದೆ ಕೇಳಿದರೆ ಬೇಡ ಎನ್ನಿ. ಆ ದರ ಯಾವಾಗಲೂ ನಿಮಗೆ ನಷ್ಟದ್ದೇ. ಬ್ಯಾಂಕಿನ ಒಳಗಿರುವ ಯಂತ್ರವನ್ನು ಹಗಲಲ್ಲಿ ಬಳಸಿ.

ಬಂದ ನೂರರ ನೋಟುಗಳನ್ನು ಅಂದೇ ಸೂಪರ್‌ಮಾರ್ಕೆಟಿನಲ್ಲಿ ಮುರಿಸಿ. ನೀರು, ಹಣ್ಣು ಕೊಂಡರೆ ಆಯಿತು. ಬೆಲೆಯಲ್ಲಿ ಮೆತ್ರೊ, ಪ್ಲಾಸಾ ವೆಯಾ ಅಂಗಡಿಗಳು ಸಾಧಾರಣ, ವೊಂಗ್, ವಿವಾಂದಾ ದುಬಾರಿ. ಖೋಟಾ ನೋಟು ಮಾತ್ರವಲ್ಲ, ಖೋಟಾ ನಾಣ್ಯವೂ ಚಲಾವಣೆಯಲ್ಲಿದೆ. ಎರಡು ಮತ್ತು ಐದು ಸೋಲ್ ನಾಣ್ಯಗಳು ಎರಡು ಬಣ್ಣದ ಲೋಹದವು. ನಡುವಿನ ತುಂಡು ಸಡಿಲವಾಗಿದ್ದರೆ, ಅಕ್ಷರ ಮಸುಕಾಗಿದ್ದರೆ ಅಲ್ಲೇ ವಾಪಸು ಕೊಡಿ. ಅಂಗಡಿಯವರೂ ನಿಮ್ಮ ನೋಟನ್ನು ಬೆಳಕಿಗೆ ಹಿಡಿದೇ ನೋಡುತ್ತಾರೆ, ಹಾಗಾಗಿ ನೀವು ಪರೀಕ್ಷಿಸಿದರೆ ಯಾರಿಗೂ ಬೇಸರವಿಲ್ಲ.

ಹಂತ 5: ಪ್ರಯಾಣದ ಕಾರ್ಡುಗಳು

ಒಂದೇ ಕಾರ್ಡು ಎಲ್ಲಕ್ಕೂ ನಡೆಯುತ್ತದೆ ಎಂದುಕೊಂಡವರೇ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳುವುದು. ಮೆಟ್ರೊಪೊಲಿತಾನೊದ್ದು ಒಂದು, ಮೇಲುಸೇತುವೆಯ ಮೇಲೆ ಓಡುವ ಒಂದನೇ ಮಾರ್ಗದ ಮೆಟ್ರೊ ರೈಲಿನದು ಇನ್ನೊಂದು. ಬಣ್ಣದ ಹೆಸರಿನ ಕೊರ್ರೆದೋರ್ ಬಸ್ಸುಗಳಿಗೆ ಲಿಮಾ ಪಾಸ್ ಕಾರ್ಡು. ಪ್ರವಾಸಿಗೆ ಮೊದಲಿನದು ಕಡ್ಡಾಯ, ಲಿಮಾ ಪಾಸ್ ಉಪಯುಕ್ತ. ರೈಲು ಮಿರಾಫ್ಲೋರೆಸ್, ಬಾರ್ರಾಂಕೊ ಕಡೆಗೆ ಬರುವುದೇ ಇಲ್ಲ. ಬಟ್ಟೆಗೆ ಹೆಸರಾದ ಗಮಾರ್ರಾಕ್ಕೆ ಹೋಗುವವರಿಗಷ್ಟೇ ಅದು ಬೇಕು, ಟಿಕೆಟ್ ಒಂದೂವರೆ ಸೋಲ್.

ಮೆಟ್ರೊಪೊಲಿತಾನೊ ಬಳಸುವ ಕ್ರಮ:

1. ನಿಲ್ದಾಣದ ಯಂತ್ರದಲ್ಲಿ ಕಾರ್ಡು ಕೊಳ್ಳಿ, ಸುಮಾರು 5 ಸೋಲ್. ಯಂತ್ರ ಚಿಲ್ಲರೆ ವಾಪಸು ಕೊಡುವುದಿಲ್ಲ. ಇಪ್ಪತ್ತು ಹಾಕಿದರೆ ಇಪ್ಪತ್ತೂ ಕಾರ್ಡಿಗೇ ಜಮೆ. ಹಿಂದಿನ ಹಂತದಲ್ಲಿ ನೋಟು ಮುರಿಸಲು ಹೇಳಿದ್ದು ಇದಕ್ಕೂ ಸೇರಿ.

2. ಒಂದು ಕಾರ್ಡಿನಲ್ಲಿ ಮನೆಮಂದಿಯೆಲ್ಲ ಹೋಗಬಹುದು. ಒಬ್ಬೊಬ್ಬರಿಗೆ ಒಮ್ಮೆ ಒತ್ತಿದರೆ ಸಾಕು. ಒಬ್ಬರ ಪ್ರಯಾಣಕ್ಕೆ 3ರಿಂದ 4 ಸೋಲ್.

3. ದಿಕ್ಕು ನೋಡಿ ಸಾಲಿಗೆ ನಿಲ್ಲಿ: ನೊರ್ತೆ ಎಂದರೆ ಉತ್ತರ, ಸುರ್ ಎಂದರೆ ದಕ್ಷಿಣ. ಹಳೆಯ ನಗರಕ್ಕೆ ನೊರ್ತೆ.

4. ಬಸ್ಸಿನ ತಲೆಯ ಮೇಲಿನ ಗುರುತು ಓದಿ. ಎ, ಬಿ, ಸಿ ಅಕ್ಷರದವು ಸಾಮಾನ್ಯ ಬಸ್ಸು. ಎಕ್ಸ್‌ಪ್ರೆಸೊ ಎಂದಿದ್ದರೆ ನಡುವಿನ ನಿಲ್ದಾಣ ಎಷ್ಟೋ ಬಿಟ್ಟು ಓಡುತ್ತದೆ. ಹೊಸಬರು ತಪ್ಪಿ ಹತ್ತಿ ಐದಾರು ಕಿಲೋಮೀಟರ್ ಆಚೆ ಇಳಿಯುವುದು ಇದರಿಂದಲೇ.

5. ಎಸ್ತಾಸಿಯೋನ್ ಸೆಂತ್ರಾಲ್ ಎಂಬ ನೆಲದಡಿಯ ನಿಲ್ದಾಣ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಹಳೆಯ ನಗರದ ಮುಖ್ಯ ಚೌಕವಾದ ಪ್ಲಾಸಾ ಮಯೋರ್ ನೋಡಬೇಕಾದವರಿಗೆ ಹಿರೋನ್ ದೆ ಲಾ ಉನಿಯೋನ್ ನಿಲ್ದಾಣ ಬೇಕು. ನಿಮ್ಮ ಬಸ್ಸು ಆ ಕವಲಿನದಲ್ಲದಿದ್ದರೆ ಸೆಂತ್ರಾಲ್‌ನಲ್ಲೇ ಇಳಿದು, ಗೇಟಿನಿಂದ ಹೊರಗೆ ಹೋಗದೆ, ಬೇರೆ ಬಸ್ಸು ಹತ್ತಿ. ಮತ್ತೆ ದುಡ್ಡು ಕೊಡಬೇಕಿಲ್ಲ.

ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 8 ಈ ಸಾಲಿನತ್ತ ಸುಳಿಯಬೇಡಿ. ಬಾಗಿಲ ತನಕ ನೂಕುನುಗ್ಗಲು, ಜೇಬುಗಳ್ಳರಿಗೆ ಸುಗ್ಗಿ. ಹತ್ತಕ್ಕೆ ಹೊರಟು ನಾಲ್ಕೂವರೆಗೆ ಮರಳುವ ಹಾಗೆ ದಿನ ಜೋಡಿಸಿ.

ಹಂತ 6: ಕೊಂಬಿ ಹತ್ತುವುದು, ಇಳಿಯುವುದು

ಮೆಟ್ರೊಪೊಲಿತಾನೊ ಮುಟ್ಟದ ಕಡೆಗೆ ಕೊಂಬಿ ಎಂಬ ವ್ಯಾನುಗಳು ಹೋಗುತ್ತವೆ. ನಮ್ಮ ಖಾಸಗಿ ಬಸ್ಸಿನ ಕ್ಲೀನರ್ ಹಾಗೆ ಬಾಗಿಲಲ್ಲಿ ಜೋತು ನಿಂತ ಕೊಬ್ರದೋರ್ ರಸ್ತೆಗಳ ಹೆಸರು ಕೂಗುತ್ತಿರುತ್ತಾನೆ. ನಂಬರ್ ನೋಡುವುದಕ್ಕಿಂತ ವ್ಯಾನಿನ ಪಕ್ಕೆಯ ಮೇಲೆ ಬರೆದ ರಸ್ತೆಗಳ ಪಟ್ಟಿ ಓದಿ. "ತೋದೊ ಅರೆಕಿಪಾ" ಎಂದರೆ ಅರೆಕಿಪಾ ರಸ್ತೆಯುದ್ದಕ್ಕೂ ಹೋಗುತ್ತದೆ ಎಂದು ಅರ್ಥ.

ಹತ್ತುವಾಗಲೇ ಇಳಿಯುವ ಜಾಗ ಹೇಳಿ ದರ ಕೇಳಿ. ಸಾಮಾನ್ಯವಾಗಿ 1ರಿಂದ 3 ಸೋಲ್. "ಚೀನಾ" ಎಂದರೆ ಅರ್ಧ ಸೋಲ್, "ಲೂಕಾ" ಎಂದರೆ ಒಂದು ಸೋಲ್. ಕೊಬ್ರದೋರ್ ನಾಣ್ಯ ಕುಲುಕುತ್ತಾ ಬಂದಾಗ ಸರಿಯಾದ ಚಿಲ್ಲರೆ ಕೊಡಿ. ಇಳಿಯುವ ಒಂದು ಕಟ್ಟಡ ಮೊದಲೇ ಗಟ್ಟಿಯಾಗಿ "ಬಾಹಾ ಎಸ್ಕಿನಾ" ಎನ್ನಿ, ಮೂಲೆಯಲ್ಲಿ ಇಳಿಯುತ್ತೇನೆ ಎಂದು. "ಪಿಯೆ ದೆರೆಚೊ" ಎಂದು ಆತ ಕೂಗಿದರೆ ಬಲಗಾಲು ಮೊದಲು ಇಡಿ ಎಂದರ್ಥ. ವ್ಯಾನು ಪೂರ್ತಿ ನಿಂತಿರುವುದಿಲ್ಲ, ಎಡಗಾಲು ಮೊದಲಿಟ್ಟರೆ ಮೈ ಹಿಂದಕ್ಕೆ ತಿರುಚಿ ಬೀಳುತ್ತೀರಿ. ಕಿಟಕಿ ಪಕ್ಕ ಕೂತು ಫೋನ್ ಹಿಡಿಯಬೇಡಿ. ಹೊರಗಿನಿಂದ ಕೈಹಾಕಿ ಕಿತ್ತುಕೊಳ್ಳುತ್ತಾರೆ.

ಬೀದಿ ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ದರ ಕುದುರಿಸದೆ ಬಾಗಿಲು ತೆಗೆಯಬೇಡಿ. ಆ್ಯಪ್ ದರ ಮೊದಲು ನೋಡಿಟ್ಟುಕೊಂಡರೆ ಕುದುರಿಸಲು ಅಳತೆ ಸಿಗುತ್ತದೆ. ಲಿಮಾದ ಬಸ್ಸು ಮಾಲೀಕರನ್ನು ಸುಲಿಗೆಕೋರರು ಕಾಡುತ್ತಿರುವುದರಿಂದ 2024ರಿಂದ ಸಾರಿಗೆ ಮುಷ್ಕರಗಳು ಆಗಾಗ ನಡೆದಿವೆ. "ಪಾರೊ" ಎಂಬ ಪದ ಸುದ್ದಿಯಲ್ಲಿ ಕಂಡರೆ ಆ ದಿನ ನಡೆದು ಹೋಗುವಷ್ಟು ದೂರದ ಯೋಜನೆ ಮಾತ್ರ ಇಟ್ಟುಕೊಳ್ಳಿ.

ಹಂತ 7: ಬೆಳಗಿನ ತಿಂಡಿ

ಬೀದಿ ಮೂಲೆಯಲ್ಲಿ ಹಬೆಯಾಡುವ ಗಾಜಿನ ಗಾಡಿ ಹುಡುಕಿ. ಎಮೊಲಿಯೆಂತೆ ಎಂಬ ಬಿಸಿ ಕಷಾಯ ಅಲ್ಲಿರುತ್ತದೆ: ಹುರಿದ ಬಾರ್ಲಿ, ಅಗಸೆ, ಒಂದಿಷ್ಟು ಗಿಡಮೂಲಿಕೆ, ಮೇಲೆ ನಿಂಬೆರಸ. ಅದೇ ಗಾಡಿಯಲ್ಲಿ ಕೀನ್ವಾ ಎಂಬ ಧಾನ್ಯ ಕುದಿಸಿದ ಸಿಹಿ ಗಂಜಿಯೂ ಸಿಗುತ್ತದೆ. ಜೊತೆಗೆ ಪಾನ್ ಕೊನ್ ಪಾಲ್ತಾ, ಅಂದರೆ ಬೆಣ್ಣೆಹಣ್ಣು ಹಚ್ಚಿದ ಬನ್ನು. ಎರಡೂ ಸೇರಿ 5ರಿಂದ 7 ಸೋಲ್. ಕಷಾಯ ಲೋಳೆಯಾಗಿರುವುದು ಅಗಸೆಯ ಗುಣ, ಕೆಟ್ಟಿದೆ ಎಂದುಕೊಳ್ಳಬೇಡಿ. ಬೇಡವಾದರೆ ಕಡಿಮೆ ಹಾಕಲು ಹೇಳಬಹುದು.

ಮಾರುಕಟ್ಟೆಯೊಳಗಿನ ಹಣ್ಣಿನ ರಸದ ಅಂಗಡಿಯಲ್ಲಿ ಲೋಟ ಖಾಲಿಯಾದ ಕೂಡಲೇ ಎದ್ದುಬಿಡಬೇಡಿ. "ಯಾಪಾ" ಎಂದು ಕೇಳಿ. ನಮ್ಮ ಸಂತೆಯ ಕೊಸರಿನ ಹಾಗೆಯೇ ಇದು: ಮಿಕ್ಸಿಯಲ್ಲಿ ಉಳಿದದ್ದನ್ನು ಲೋಟಕ್ಕೆ ಮತ್ತೆ ಸುರಿಯುತ್ತಾರೆ. ಕೇಳುವಾಗ ಅಂಗಡಿಯಾಕೆಗೆ "ಕಸೆರಿತಾ" ಎನ್ನಿ, ಖಾಯಂ ಗಿರಾಕಿಯ ಸಲುಗೆ ಆ ಪದದಲ್ಲಿದೆ. ಹಣ್ಣನ್ನು ಹಾಲಿನಲ್ಲಿ ಬೇಡವೆಂದರೆ "ಕೊನ್ ಆಗ್ವಾ" ಎನ್ನಬೇಕು, ಆದರೆ ಆ ನೀರು ಕುದಿಸಿದ್ದೇ ಎಂದು ಕೇಳಿ. ಲಿಮಾದ ನಲ್ಲಿ ನೀರನ್ನು ಹಾಗೇ ಕುಡಿಯುವಂತಿಲ್ಲ. ದೊಡ್ಡ ಕ್ಯಾನ್ ಕೊಂಡಿಟ್ಟು ನಿಮ್ಮ ಬಾಟಲಿ ತುಂಬಿಸಿಕೊಂಡರೆ ದಿನವೂ ಸಣ್ಣ ಬಾಟಲಿ ಕೊಳ್ಳುವ ಖರ್ಚು ತಪ್ಪುತ್ತದೆ.

ಹಂತ 8: ಮಧ್ಯಾಹ್ನದ ಮೆನು, ದಿನದ ಮುಖ್ಯ ಊಟ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನೇ ಪಾಲಿಸಿ. ಪೆರುವಿನಲ್ಲಿ "ಮೆನು" ಎಂದರೆ ತಿಂಡಿಪಟ್ಟಿ ಅಲ್ಲ, ನಮ್ಮ ಖಾನಾವಳಿಯ ಪ್ಲೇಟ್ ಊಟದಂಥದ್ದು: ಎಂತ್ರಾದ ಎಂಬ ಸೂಪು ಅಥವಾ ಮೊದಲ ತಟ್ಟೆ, ಸೆಗುಂದೊ ಎಂಬ ಅನ್ನದ ಮುಖ್ಯ ತಟ್ಟೆ, ರೆಫ್ರೆಸ್ಕೊ ಎಂಬ ಪಾನಕ. ಮೂರೂ ಸೇರಿ ಮಾರುಕಟ್ಟೆಗಳಲ್ಲಿ, ಲಿನ್ಸೆ, ಹೆಸುಸ್ ಮರಿಯಾ, ಸುರ್ಕಿಯೊ ಬಡಾವಣೆಗಳಲ್ಲಿ 10ರಿಂದ 15 ಸೋಲ್. ಮಿರಾಫ್ಲೋರೆಸ್‌ನ ಒಳಬೀದಿಗಳಲ್ಲಿ 15ರಿಂದ 25.

ಪಟ್ಟಿ ನೋಡಿ ಬಿಡಿಯಾಗಿ ಹೇಳುವ ಊಟಕ್ಕೆ "ಕಾರ್ತಾ" ಎನ್ನುತ್ತಾರೆ. ವಿದೇಶಿಯರ ಮುಖ ಕಂಡರೆ ಕಾರ್ತಾವನ್ನೇ ಕೈಗಿಡುವುದು ರೂಢಿ. ಕೂರುವ ಮೊದಲೇ "ಆಯ್ ಮೆನು?" ಎಂದು ಕೇಳಿ. ಬಾಗಿಲ ಬಳಿಯ ಕಪ್ಪುಹಲಗೆಯಲ್ಲಿ ಅಂದಿನ ಆಯ್ಕೆ ಬರೆದಿರುತ್ತಾರೆ. ಒಂದು ಗಂಟೆಗೆ ಕಚೇರಿ ನೌಕರರು ತುಂಬಿರುವ ಜಾಗ ಆರಿಸಿ, ಆದರೆ ನೀವು ಹನ್ನೆರಡೂವರೆಗೇ ಹೋಗಿ. ಎರಡು ಗಂಟೆಗೆ ಒಳ್ಳೆಯ ಆಯ್ಕೆಗಳು ಮುಗಿದಿರುತ್ತವೆ, ಮೂರರ ನಂತರ ಮೆನುವೇ ಇರುವುದಿಲ್ಲ. ಪಾನಕ ಸೇರಿರುವುದರಿಂದ ಬೇರೆ ಸೋಡಾ, ನೀರು ತರಿಸಬೇಡಿ, ಬಿಲ್ ಏರುವುದು ಅಲ್ಲೇ. ನೇರಳೆ ಜೋಳ ಕುದಿಸಿ ಮಾಡುವ ಚಿಚಾ ಮೊರಾದ ಸಿಕ್ಕರೆ ಅದನ್ನೇ ಆರಿಸಿ.

ಮೀನು ತಿನ್ನುವವರಿಗೆ: ಸೆವಿಚೆ ಮಧ್ಯಾಹ್ನದ ಖಾದ್ಯ. ಹಸಿ ಮೀನನ್ನು ನಿಂಬೆರಸದಲ್ಲಿ ಕಲಸಿದ್ದು ಅದು, ನಿಂಬೆ ಬೇಯಿಸಿದಂತೆ ಬಣ್ಣ ಬದಲಿಸಿದರೂ ಕ್ರಿಮಿ ಕೊಲ್ಲುವುದಿಲ್ಲ. ಸಂಜೆ ಗಾಡಿಯಲ್ಲಿ ಕಂಡರೆ, ಮೀನು ಐಸ್ ಮೇಲಿಲ್ಲದಿದ್ದರೆ, ಮೊದಲೇ ಕಲಸಿಟ್ಟಿದ್ದರೆ ಬಿಟ್ಟುಬಿಡಿ. ಮಾರುಕಟ್ಟೆಯ "ಮೆನು ಮರೀನೊ"ದಲ್ಲಿ ಪುಟ್ಟ ಸೆವಿಚೆಯೂ ಸೇರಿ ಸುಮಾರು 15ರಿಂದ 25 ಸೋಲ್.

ಹಂತ 9: ಸಸ್ಯಾಹಾರಿಗಳಿಗೆ, ದನದ ಮಾಂಸ ತಿನ್ನದವರಿಗೆ

ಇಲ್ಲಿ ಮಾತಿನ ತಪ್ಪೇ ಊಟದ ತಪ್ಪು. "ಕಾರ್ನೆ" ಎಂದರೆ ಅಲ್ಲಿಯವರ ಮನಸ್ಸಿಗೆ ಬರುವುದು ದನದ ಮಾಂಸ. ಹಾಗಾಗಿ "ಸಿನ್ ಕಾರ್ನೆ", ಅಂದರೆ ಮಾಂಸ ಬೇಡ, ಎಂದರೆ ಕೋಳಿ ಹಾಕಿ ತರುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿಯೇ. ಪೂರ್ತಿ ವಾಕ್ಯ ಕಲಿಯಿರಿ: "ನೊ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ." ಮಾಂಸ, ಕೋಳಿ, ಮೀನು ಯಾವುದೂ ತಿನ್ನುವುದಿಲ್ಲ ಎಂದು. ಮೊಟ್ಟೆಯೂ ಬೇಡದಿದ್ದರೆ "ನಿ ವೇವೊ" ಸೇರಿಸಿ.

ಆದರೂ ಜಾರುವ ಜಾಗಗಳಿವೆ. ತರಕಾರಿ ಮಾತ್ರ ಕಾಣುವ ಸೂಪಿನ ತಿಳಿ ಹೆಚ್ಚಾಗಿ ಕೋಳಿ ಅಥವಾ ಮೂಳೆಯದ್ದು. ಹುರುಳಿಯಂಥ ಕಾಳುಗಳಿಗೆ ಹಂದಿಕೊಬ್ಬು ಬಿದ್ದಿರಬಹುದು. ಆಲೂಗಡ್ಡೆಯ ಕೌಸಾದ ಹೊಟ್ಟೆಯಲ್ಲಿ ಟ್ಯೂನಾ ಅಥವಾ ಕೋಳಿ ಇರುತ್ತದೆ. ತಮಾಲ್ ಎಂಬ ಜೋಳದ ಕಡುಬಿನಲ್ಲೂ ಮಾಂಸದ ತುಂಡು. ಸಂಜೆ ಕೆಂಡದ ಮೇಲೆ ಘಮಘಮಿಸುವ ಅಂತಿಕೂಚೊ ಎಂದರೆ ದನದ ಹೃದಯ. ಹೆಸರು ತಿಳಿಯದೆ ತಿಂದು ನೊಂದುಕೊಂಡವರಿದ್ದಾರೆ.

ಧೈರ್ಯವಾಗಿ ಕೇಳಬಹುದಾದದ್ದು: ಪಾಪಾ ಆ ಲಾ ವಾಂಕಾಯಿನಾ (ಬೇಯಿಸಿದ ಆಲೂಗಡ್ಡೆಯ ಮೇಲೆ ಚೀಸ್ ಮತ್ತು ಹಳದಿ ಮೆಣಸಿನಕಾಯಿಯ ಗೊಜ್ಜು, ಮೊಟ್ಟೆ ಚೂರು ಇರುತ್ತದೆ), ಚೊಕ್ಲೊ ಕೊನ್ ಕೇಸೊ (ದಪ್ಪ ಜೋಳ, ಚೀಸ್), ಸೋಮವಾರಗಳಲ್ಲಿ ಮಸೂರ್ ಬೇಳೆಯ ಲೆಂತೆಹಾಸ್ ಜೊತೆ ಅನ್ನ. ಸೋಮವಾರ ಮಸೂರ್ ತಿನ್ನುವುದು ಅಲ್ಲಿನ ವಾಡಿಕೆ, ಮೇಲಿಟ್ಟ ಮಾಂಸ ತೆಗೆಸಿ ಹುರಿದ ಮೊಟ್ಟೆ ಹಾಕಿಸಿಕೊಳ್ಳಬಹುದು. ಚೀನೀ-ಪೆರು ಹೋಟೆಲುಗಳಾದ ಚಿಫಾಗಳಲ್ಲಿ "ಚೌಫಾ ದೆ ವೆರ್ದುರಾಸ್" ಎಂಬ ತರಕಾರಿ ಫ್ರೈಡ್ ರೈಸ್ ಕೇಳಿ, "ಸಿನ್ ಸಾಲ್ಸಾ ದೆ ಓಸ್ತಿಯೋನ್" ಎನ್ನಿ, ಇಲ್ಲದಿದ್ದರೆ ಸಿಂಪಿಯ ಸಾಸ್ ಬೀಳುತ್ತದೆ. ಹೊರಗೆ "ವೆಹೆತಾರಿಯಾನೊ" ಫಲಕ ಇರುವ ಹೋಟೆಲುಗಳಲ್ಲೂ ಮೆನು ಬೆಲೆಯಲ್ಲೇ ಊಟ ಸಿಗುತ್ತದೆ. ಅಲ್ಲಿ "ಕಾರ್ನೆ" ಎಂದು ಬರೆದಿದ್ದರೆ ಸಾಮಾನ್ಯವಾಗಿ ಸೋಯಾದ್ದು.

ಕಟ್ಟುನಿಟ್ಟಿನವರು ಹಾಸ್ಟೆಲಿನ ಅಡುಗೆಮನೆಗೆ ಇಳಿಯುವುದೇ ಒಳ್ಳೆಯದು. ಸುರ್ಕಿಯೊ ಮಾರುಕಟ್ಟೆಯಲ್ಲಿ ಶುಂಠಿಗೆ "ಕಿಯೋನ್", ಕೊತ್ತಂಬರಿಗೆ "ಕುಲಾಂತ್ರೊ", ಜೀರಿಗೆಗೆ "ಕೊಮೀನೊ" ಎನ್ನಬೇಕು. "ಪಯಾರ್" ಎಂದು ಮಾರುವ ಬಿಳಿ ಕಾಳು ನಮ್ಮ ಡಬಲ್ ಬೀನ್ಸ್. ಅದನ್ನು ರಾತ್ರಿಯೇ ನೆನೆಹಾಕಿ. ಹಾಸ್ಟೆಲಿನಲ್ಲಿ ಕುಕ್ಕರ್ ಇರುವುದು ಅಪರೂಪವಾದ್ದರಿಂದ, ಆತುರವಿದ್ದರೆ ನೆನೆಸಬೇಕಿಲ್ಲದ ಮಸೂರ್ ಬೇಳೆ ಕೊಳ್ಳಿ. ಪಾತ್ರೆಯಲ್ಲೇ ಅರ್ಧ ಗಂಟೆಯಲ್ಲಿ ಬೇಯುತ್ತದೆ.

ಹಂತ 10: ಸಂಜೆ

ಮಧ್ಯಾಹ್ನ ಹೊಟ್ಟೆ ತುಂಬಿದ್ದರೆ ಸಂಜೆಗೆ "ಲೊಂಚೆ" ಸಾಕು: ಚಹಾ, ಬ್ರೆಡ್ಡು, ಚೀಸ್ ಅಥವಾ ಬೆಣ್ಣೆಹಣ್ಣು. ಬೇಕರಿಯಲ್ಲಿ ಪಾನ್ ಫ್ರಾನ್ಸೆಸ್ ಒಂದು ಸೋಲ್‌ಗೆ ಮೂರ್ನಾಲ್ಕು. ಸಿಹಿ ಬೇಕೆನಿಸಿದರೆ ಪಿಕಾರೋನೆಸ್: ಗೆಣಸು, ಕುಂಬಳದ ಹಿಟ್ಟಿನ ಬಳೆಗಳನ್ನು ಎಣ್ಣೆಯಲ್ಲಿ ಕರಿದು ಚಾಂಕಾಕಾ ಪಾಕ ಸುರಿಯುತ್ತಾರೆ. ಚಾಂಕಾಕಾ ನಮ್ಮ ಬೆಲ್ಲವೇ. ಕಣ್ಣೆದುರು ಕರಿದು ಕೊಡುವುದರಿಂದ ಹೊಟ್ಟೆಗೂ ಕ್ಷೇಮ.

ಗಾಡಿಗಳ ಬಗ್ಗೆ ಎಚ್ಚರಿಕೆಯ ಲಕ್ಷಣ ಮುಖ್ಯವಾಗಿ ಎರಡು: ಬಿಸಿಲಲ್ಲಿ ಮುಚ್ಚಳವಿಲ್ಲದೆ ನಿಂತ ಮೇಯನೇಸ್ ಮತ್ತು ಮೆಣಸಿನ ಕ್ರೀಮು, ಒಂದೇ ಬಕೆಟ್ ನೀರಲ್ಲಿ ಅದ್ದಿ ತೆಗೆಯುವ ತಟ್ಟೆ. ಎರಡರಲ್ಲಿ ಒಂದು ಕಂಡರೂ ಮುಂದಿನ ಗಾಡಿಗೆ ನಡೆಯಿರಿ.

ಹಂತ 11: ಟಿಕೆಟ್ಟಿಲ್ಲದ ಜಾಗಗಳು, ವಾಪಸು ಪಯಣ

ಹಳೆಯ ನಗರದಲ್ಲಿ ಕೇಂದ್ರ ರಿಸರ್ವ್ ಬ್ಯಾಂಕಿನ ವಸ್ತುಸಂಗ್ರಹಾಲಯಕ್ಕೂ, ಹಿಂದಿನ ರೈಲು ನಿಲ್ದಾಣದಲ್ಲಿರುವ ಪೆರುವಿನ ಸಾಹಿತ್ಯ ಭವನಕ್ಕೂ ಪ್ರವೇಶ ಉಚಿತ. ಮಿರಾಫ್ಲೋರೆಸ್‌ನ ಸ್ಮೃತಿ ಕೇಂದ್ರ ಲುಮ್ ಕೂಡ ಉಚಿತ. ಗುರುತಿಗೆ ಪಾಸ್‌ಪೋರ್ಟ್ ಒಯ್ಯಿರಿ. ಮಿರಾಫ್ಲೋರೆಸ್‌ನಿಂದ ಬಾರ್ರಾಂಕೊಗೆ ಬಂಡೆಯಂಚಿನ ಮಾಲೆಕೋನ್ ದಾರಿಯಲ್ಲಿ ನಡೆದೇ ಹೋಗಬಹುದು. ಸಾನ್ ಕ್ರಿಸ್ತೋಬಾಲ್ ಗುಡ್ಡಕ್ಕೆ ಮಾತ್ರ ಕಾಲ್ನಡಿಗೆ ಬೇಡ.

ಹೀಗೆ ನಡೆಸಿದರೆ ಒಬ್ಬರಿಗೆ ಊಟತಿಂಡಿಗೆ 30ರಿಂದ 40, ಓಡಾಟಕ್ಕೆ 8ರಿಂದ 14, ಹಾಸಿಗೆಗೆ 40ರಿಂದ 60 ಸೋಲ್. ಹೊರಡುವ ಹಿಂದಿನ ದಿನ ಕಾರ್ಡಿಗೆ ಹೆಚ್ಚು ಹಣ ತುಂಬಬೇಡಿ, ಉಳಿದ ನಾಣ್ಯಗಳನ್ನು ಹಣ್ಣಿಗೆ ಖರ್ಚು ಮಾಡಿ. ಭಾರತದಲ್ಲಿ ಸೋಲ್ ಮುರಿಸಿಕೊಡುವವರನ್ನು ಹುಡುಕುವುದು ಕಷ್ಟ. ವಿಮಾನ ರಾತ್ರಿ ಹತ್ತಕ್ಕಿದ್ದರೆ ಮಿರಾಫ್ಲೋರೆಸ್‌ನಿಂದ ಸಂಜೆ ನಾಲ್ಕಕ್ಕೇ ಹೊರಡಿ. ಐದು ಗಂಟೆ ದಾಟಿದರೆ ಅದೇ ದಾರಿ ಎರಡು ಗಂಟೆ ಹಿಡಿಯಬಹುದು, ಟ್ಯಾಕ್ಸಿ ದರವೂ ಅಷ್ಟೇ ಏರುತ್ತದೆ.